ಅಡಿಲೇಡಿನ 36, ನನ್ನ 63 ಎಲೆಗಳು

ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯದ ಕರಡು ಗೈಡ್ ಮೇಡಂ ಕೈಯಿಂದ ವಾಪಸು ಬಂದಾಗ ಒಂದು ಸಂಖ್ಯೆಯ ಸುತ್ತ ಕೆಂಪು ಶಾಯಿಯ ಸುತ್ತು ಬಿದ್ದಿತ್ತು. ಪಕ್ಕದಲ್ಲಿ ಅವರದೇ ಕೈಬರಹ: ‘ಇದು ಎಲೆಗಳ ಲೆಕ್ಕವೋ, ಅಡಿಲೇಡ್ ಸ್ಕೋರೋ?’ ನಾನು ಪರೀಕ್ಷೆಗೆ ಕಿತ್ತಿದ್ದ ಭತ್ತದ ಎಲೆಗಳು 63. ಕರಡಿನಲ್ಲಿದ್ದದ್ದು 36.

36 ಎಂದು ಟೈಪಿಸಿದ್ದು 2020ರ ಡಿಸೆಂಬರ್ 19, ಶನಿವಾರ. ಹಿಂದಿನ ರಾತ್ರಿ ಮೂರೂವರೆ ತನಕ ಬರೆದು ಮಲಗಿದ್ದೆ. ಒಂಬತ್ತೂವರೆಗೆ ಆಟ ಶುರುವಾಗುವ ಹೊತ್ತಿಗೆ ಎದ್ದು, ಲ್ಯಾಪ್‌ಟಾಪಿನಲ್ಲಿ ಪ್ರಬಂಧ, ಮೊಬೈಲಿನಲ್ಲಿ ಸ್ಕೋರು ಇಟ್ಟುಕೊಂಡು ಕೂತೆ. ಆಸ್ಟ್ರೇಲಿಯಾದ ಹೇಜಲ್‌ವುಡ್ ಎಂಟು ರನ್ ಕೊಟ್ಟು ಐದು ವಿಕೆಟ್ ಕಿತ್ತರು. ಟೆಸ್ಟ್ ಆಟದಲ್ಲಿ ಭಾರತದ ಅತಿ ಕಡಿಮೆ ಮೊತ್ತ, 36, ಅಂದು ದಾಖಲಾಯಿತು; ಸದ್ದಿಲ್ಲದೆ ನನ್ನ ಅಧ್ಯಾಯದಲ್ಲೂ ದಾಖಲಾಯಿತು.

ಆಗ ಕ್ರಿಕೆಟ್ಟಿಗೆ ಶಾಪ ಹಾಕಿದ್ದೆ. ಆಮೇಲೆ ಮಿದುಳಿನ ಬಗ್ಗೆ ಒಂದಿಷ್ಟು ಓದಿಕೊಂಡ ಮೇಲೆ ಅನ್ನಿಸಿತು, ಮ್ಯಾಚ್ ನೋಡುವುದು ಅಂಥ ಅಪರಾಧವೇನಲ್ಲ, ಬರೆಯುತ್ತ ಬರೆಯುತ್ತ ಅದರತ್ತ ಇಣುಕುವುದೇ ಎಡವಟ್ಟು.

ಗಮನ ಬೇಡುವ ಎರಡು ಕೆಲಸಗಳನ್ನು ನಾವು ಒಟ್ಟಿಗೆ ಮಾಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತೇವೆ. ಪ್ರತಿ ಜಿಗಿತಕ್ಕೂ ಸುಂಕವಿದೆ. ರಾಬರ್ಟ್ ರಾಜರ್ಸ್ ಮತ್ತು ಸ್ಟೀಫನ್ ಮಾನ್ಸೆಲ್ 1995ರಲ್ಲಿ ಇದನ್ನು ಅಳೆದರು. ಅಂಕಿ ಮತ್ತು ಅಕ್ಷರದ ಜೋಡಿ ತೋರಿಸಿ, ಎರಡು ಸಲ ಅಂಕಿಯ ಬಗ್ಗೆ, ಎರಡು ಸಲ ಅಕ್ಷರದ ಬಗ್ಗೆ ಕೇಳುತ್ತ ಹೋದರು. ಕೆಲಸ ಬದಲಾಗುವುದು ಯಾವಾಗ ಎಂದು ಮೊದಲೇ ಗೊತ್ತಿದ್ದರೂ ಬದಲಾದೊಡನೆ ಉತ್ತರ ತಡವಾಗುತ್ತಿತ್ತು. ಸಜ್ಜಾಗಲು ಸಮಯ ಕೊಟ್ಟರೆ ಆ ತಡ ತಗ್ಗಿತು, ಮಾಯವಾಗಲಿಲ್ಲ.

ಇನ್ನೊಂದು ತೊಡಕನ್ನು 2009ರಲ್ಲಿ ಸೋಫಿ ಲೆರಾಯ್ ತೋರಿಸಿದರು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೂತರೆ ಗಮನದ ಒಂದು ಪಾಲು ಹಳೆಯ ಕೆಲಸದಲ್ಲೇ ಅಂಟಿಕೊಂಡಿರುತ್ತದೆ. ತೊಳೆಯದ ಮೊಸರಿನ ಪಾತ್ರೆಗೆ ಹಾಲು ಹೊಯ್ದ ಹಾಗೆ: ತಳದಲ್ಲಿ ಉಳಿದದ್ದು ಚೂರೇ ಆದರೂ ಹಾಲು ಕೆಡಲು ಅಷ್ಟು ಸಾಕು. ಈಗ ಯೋಚಿಸಿ. ಕೊನೆಯ ಚೆಂಡು ಬೀಳುವವರೆಗೂ ಮ್ಯಾಚ್ ಎಂದರೆ ಅರ್ಧ ಆದ ಕೆಲಸವೇ. ಹತ್ತು ಸೆಕೆಂಡು ಸ್ಕೋರ್ ನೋಡಿ ಮೊಬೈಲ್ ಮಗುಚಿಟ್ಟರೆ ಮೊಬೈಲ್ ಮಲಗುತ್ತದೆ, ಮ್ಯಾಚ್ ಮಲಗುವುದಿಲ್ಲ.

ಹಾಗಾದರೂ ಕೈ ಯಾಕೆ ಮತ್ತೆ ಮತ್ತೆ ಅತ್ತ ಹೋಗುತ್ತದೆ? ವುಲ್ಫ್ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು 2003ರಲ್ಲಿ ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಸ್ರವಿಸುವ ನರಕೋಶಗಳ ಮಿಡಿತಕ್ಕೆ ಕಿವಿಗೊಟ್ಟಿದ್ದರು. ಹಣ್ಣಿನ ರಸ ಖಂಡಿತ ಸಿಗುತ್ತದೆ ಎಂದಾಗ ಅಥವಾ ಸಿಗುವುದೇ ಇಲ್ಲ ಎಂದಾಗ, ಕಾಯುವ ಹೊತ್ತಿನಲ್ಲಿ ಆ ಕೋಶಗಳು ತಣ್ಣಗಿದ್ದವು. ಸಿಗುವುದು ಅನುಮಾನವಿದ್ದಾಗ ಕಾಯುತ್ತಿದ್ದಷ್ಟು ಹೊತ್ತೂ ಮಿಡಿತ ಏರುತ್ತ ಹೋಯಿತು; ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ ಎಲ್ಲಕ್ಕಿಂತ ಹೆಚ್ಚು. 2024ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 30 ಚೆಂಡಿಗೆ 30 ರನ್ ಬೇಕಿದ್ದಾಗ ನಮ್ಮ ತಲೆಯೊಳಗೆ ಏನಾಗುತ್ತಿತ್ತೆಂದು ಯಾರೂ ಅಳೆಯಲಿಲ್ಲ. ಆ ಹೊತ್ತಿನಲ್ಲಿ ಥೀಸಿಸ್ ಬರೆದೆ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ಇನ್ನು ನಿದ್ದೆಯ ವಿಷಯ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಜಮೆಯಾಗುತ್ತ ಹೋಗುತ್ತದೆ. ಕಣ್ಣು ಭಾರವಾಗಲು ಇದೊಂದು ಮುಖ್ಯ ಕಾರಣ. ಕಾಫಿಯ ಕೆಫೀನ್ ಅಡಿನೋಸಿನ್ ಕೂರಬೇಕಾದ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕುವ ವಿದ್ಯೆ. ಸೀಟು ಸಿಗದ ಅಡಿನೋಸಿನ್ ಇಳಿದು ಹೋಗುವುದಿಲ್ಲ, ನಿಂತೇ ಕಾಯುತ್ತಿರುತ್ತದೆ. ರಕ್ತದಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಹಾಸ್ಟೆಲ್ ಗೇಟಿನ ಎದುರು ರಾತ್ರಿ ಹತ್ತಕ್ಕೆ ಕುಡಿದ ಸ್ಟ್ರಾಂಗ್ ಫಿಲ್ಟರ್ ಕಾಫಿಯಲ್ಲಿ ಅರ್ಧ ಲೋಟದಷ್ಟು, ಮೂರು ಗಂಟೆಗೆ ದಿಂಬಿಗೆ ತಲೆ ಕೊಟ್ಟಾಗಲೂ ಮೈಯಲ್ಲಿ ಓಡಾಡುತ್ತಿರುತ್ತದೆ.

ಡ್ರೂ ಡಾಸನ್ ಮತ್ತು ಕ್ಯಾತ್ರಿನ್ ರೀಡ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಬೆಳಿಗ್ಗೆ ಎಂಟಕ್ಕೆ ಎದ್ದ ಸಂಶೋಧನಾ ವಿದ್ಯಾರ್ಥಿ ರಾತ್ರಿ ಒಂದಕ್ಕೆ ಸ್ಕೂಟರ್ ಹತ್ತಿದರೆ ಪೊಲೀಸರ ಊದುವ ಯಂತ್ರದಲ್ಲಿ ಪಾಸಾಗುತ್ತಾನೆ, ಅಷ್ಟೇ.

ಇದಕ್ಕಿಂತ ನನ್ನನ್ನು ಹೆದರಿಸಿದ್ದು ಹ್ಯಾನ್ಸ್ ವ್ಯಾನ್ ಡಾಂಗೆನ್ ತಂಡದ 2003ರ ಅಧ್ಯಯನ. ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರ ಚುರುಕುತನ ದಿನದಿಂದ ದಿನಕ್ಕೆ ಕುಸಿದು, ಒಂದೆರಡು ರಾತ್ರಿ ರೆಪ್ಪೆಯನ್ನೇ ಮುಚ್ಚದವರ ಮಟ್ಟ ತಲುಪಿತು. ಆದರೆ ‘ನಿದ್ದೆ ಬರುತ್ತಿದೆಯೇ?’ ಎಂದು ಕೇಳಿದರೆ ‘ಹೆಚ್ಚೇನಿಲ್ಲ’ ಎಂಬಂಥ ಉತ್ತರ. ಶುರುವಿನ ಕೆಲವು ದಿನಗಳಾದ ಮೇಲೆ, ತಾವು ಕುಸಿಯುತ್ತಿರುವುದು ಅವರ ಅರಿವಿಗೇ ಬರುತ್ತಿರಲಿಲ್ಲ. ‘ನಂಗೆ ಐದು ಗಂಟೆ ಸಾಕಪ್ಪಾ, ಅಭ್ಯಾಸ ಆಗ್ಬಿಟ್ಟಿದೆ’ ಎನ್ನುವ ಗೆಳೆಯರು ಪ್ರತಿ ಹಾಸ್ಟೆಲಿನಲ್ಲೂ ಇದ್ದಾರೆ. ನಾನೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ. 36 ಟೈಪಿಸಿದ ದಿನವೂ ನಾನು ಚೆನ್ನಾಗಿಯೇ ಇದ್ದೇನೆ ಅನ್ನಿಸಿತ್ತು.

ಹಾಸ್ಟೆಲ್ ಎಂದಾಗ ಬಾವಲಿಗಳ ಕಥೆಯೊಂದು ನೆನಪಾಗುತ್ತದೆ. ಆಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದ ಎಂ.ಕೆ. ಚಂದ್ರಶೇಖರನ್, ಅದಕ್ಕೂ ಮೊದಲು ಮದುರೆಯಲ್ಲಿ ಗುಹೆಯ ಬಾವಲಿಗಳ ದೇಹಗಡಿಯಾರದ ಮೇಲೆ ಕೆಲಸ ಮಾಡುತ್ತಿದ್ದರು. ಬೆಳಕೇ ಕಾಣದ ಕತ್ತಲಲ್ಲಿ ಪಂಜರದಲ್ಲಿಟ್ಟ ಬಾವಲಿ ಕೂಡ, ಸುತ್ತಲಿನ ಬಳಗ ಸಂಜೆ ಹೊರಗೆ ಹಾರಿ ಬೆಳಗಿನ ಜಾವ ಮರಳುವ ಗದ್ದಲಕ್ಕೆ ತನ್ನ ಗಡಿಯಾರವನ್ನು ಹೊಂದಿಸಿಕೊಳ್ಳುತ್ತಿತ್ತು ಎಂದು ಅವರೂ ಸಂಗಡಿಗರೂ 1981ರಲ್ಲಿ ಬರೆದರು. ಮನುಷ್ಯರಲ್ಲಿ ಬೆಳಕಿನ ಮಾತೇ ಹೆಚ್ಚು ನಡೆಯುತ್ತದೆ, ನಿಜ. ಆದರೂ 2022ರ ಫುಟ್‌ಬಾಲ್ ವಿಶ್ವಕಪ್ ಕತಾರಿನಲ್ಲಿ ನಡೆದಾಗ, ನಮ್ಮ ಮಧ್ಯರಾತ್ರಿ ಹನ್ನೆರಡೂವರೆಗೆ ಶುರುವಾಗುತ್ತಿದ್ದ ಆಟಗಳಿಗೆ ಇಡೀ ಕಾರಿಡಾರ್ ಎದ್ದು ಕೂಗುವಾಗ ಒಬ್ಬನೇ ಮಲಗುವುದು ಯಾವ ಬಾವಲಿಗೂ ಆಗುವ ಕೆಲಸವಲ್ಲ.

ಹಾಗಾದರೆ ಮ್ಯಾಚ್ ಬಿಡಬೇಕೇ? ನಾನು ಬಿಡಲಿಲ್ಲ. ಅಡಿಲೇಡ್ ಆಗಿ ಒಂದು ತಿಂಗಳಿಗೆ ಬ್ರಿಸ್ಬೇನ್ ಟೆಸ್ಟಿನ ಕೊನೆಯ ದಿನ ಬಂತು, 2021ರ ಜನವರಿ 19. ಗೆಲುವಿನ ಗುರಿ 328. ಅಲ್ಲಿನ ಗಾಬಾ ಮೈದಾನದಲ್ಲಿ ಆಸ್ಟ್ರೇಲಿಯಾ 1988ರಿಂದ ಟೆಸ್ಟ್ ಸೋತಿರಲಿಲ್ಲ. ಹಿಂದಿನ ರಾತ್ರಿ ಹತ್ತಕ್ಕೇ ಮಲಗಿದೆ. ಬೆಳಗಿನ ಜಾವ ಎದ್ದು, ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು, ರಿಷಭ್ ಪಂತ್ ಬಾರಿಸಿದ ಕೊನೆಯ ಬೌಂಡರಿಯವರೆಗೆ ಬೇರೇನನ್ನೂ ಮುಟ್ಟಲಿಲ್ಲ. ಅಂದು ಒಂದು ಸಾಲೂ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಕೂತು ಮೂರನೇ ಅಧ್ಯಾಯದ ಕೋಷ್ಟಕಗಳನ್ನೆಲ್ಲ ಒಂದೇ ಸಲಕ್ಕೆ ತಿದ್ದಿ ಮುಗಿಸಿದೆ.

ಅಂತಿಮ ಪ್ರತಿಯಲ್ಲಿ ಎಲೆಗಳ ಸಂಖ್ಯೆ 63 ಎಂದೇ ಇದೆ. ಸಹಿ ಹಾಕುವ ಮುನ್ನ ಮೇಡಂ ಆ ಪುಟವನ್ನು ಎರಡು ಸಲ ನೋಡಿದರು.