ಬಹುಪದಿಗಳು: ನೆಲದ ಚರಿತ್ರೆಗೊಂದು ಆಧಾರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ಸುಗಂಧವರ್ತಿಯ ರಟ್ಟರೂ 1824ರ ಕಿತ್ತೂರಿನ ಯುದ್ಧವೂ ನೆನಪಾಗುತ್ತವೆ. ಆದರೆ ರಟ್ಟರಿಗಿಂತ ಅದೆಷ್ಟೋ ಪ್ರಾಚೀನವಾದ ವಂಶವೊಂದು ಈ ಸೀಮೆಯ ಕಲ್ಲುಗಳ ಅಡಿಯಲ್ಲಿಯೂ ತರಗೆಲೆಗಳ ನಡುವೆಯೂ ಇಂದಿಗೂ ಬಾಳುತ್ತಿದೆ. ಜರಿ, ಸಾವಿರಕಾಲಿನ ಹುಳು ಮೊದಲಾದ ಬಹುಪದಿಗಳೇ ಆ ವಂಶ. ಇವುಗಳ ಅಧ್ಯಯನವು ಪ್ರಾಣಿಶಾಸ್ತ್ರಕ್ಕೆ ಸೇರಿದುದಾದರೂ ಚರಿತ್ರಕಾರನಿಗೆ ಏಕೆ ಉಪಯುಕ್ತವೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಬಹುಪದಿಗಳಲ್ಲಿ ನಾಲ್ಕು ವರ್ಗಗಳುಂಟು. ಅವುಗಳಲ್ಲಿ ಎರಡು ಮಣ್ಣಿನೊಳಗೆ ಬಾಳುವ ಅತಿ ಸಣ್ಣ ಜೀವಿಗಳು. ಉಳಿದೆರಡು ಶತಪದಿ ಹಾಗೂ ಸಹಸ್ರಪದಿ. ಶತಪದಿಯೆಂದರೆ ನಮ್ಮ ಜರಿ. ಇದರ ದೇಹದ ಒಂದೊಂದು ಖಂಡಕ್ಕೆ ಒಂದೊಂದು ಜೊತೆ ಕಾಲು. ಮೊದಲ ಜೊತೆಯು ವಿಷದ ಕೊಂಡಿಯಾಗಿ ಮಾರ್ಪಟ್ಟು ಬೇಟೆಗೆ ನೆರವಾಗುತ್ತದೆ. ನಡೆಯುವ ಕಾಲುಗಳ ಜೊತೆಗಳು 15ರಿಂದ 191ರವರೆಗೆ ಇರಬಹುದು. ಆದರೆ ಆ ಸಂಖ್ಯೆ ನಿಯಮವಾಗಿ ಬೆಸ. ಆದುದರಿಂದ ಸರಿಯಾಗಿ ನೂರು ಕಾಲುಳ್ಳ ಶತಪದಿ ದೊರೆಯದು! ಸಹಸ್ರಪದಿಯ ಬಹುತೇಕ ಖಂಡಗಳಿಗೆ ಎರಡೆರಡು ಜೊತೆ ಕಾಲು. ಇದು ಕೊಳೆತ ಎಲೆಯನ್ನು ತಿಂದು ಮಣ್ಣಿಗೆ ಸಾರವನ್ನು ಮರಳಿಸುತ್ತದೆ. ಹೆಸರಿಗೆ ತಕ್ಕಂತೆ ಸಾವಿರವನ್ನು ಮೀರಿ 1306 ಕಾಲುಗಳುಳ್ಳ ಪ್ರಭೇದವು ಆಸ್ಟ್ರೇಲಿಯದಿಂದ ವರದಿಯಾದುದು 2021ರಲ್ಲಿ ಮಾತ್ರ.

1758ರಲ್ಲಿ ಲಿನೇಯಸನು ಇವನ್ನು ರೆಕ್ಕೆಯಿಲ್ಲದ ಕೀಟಗಳೊಡನೆ ಎಣಿಸಿದ್ದನು. ನಮ್ಮ ದೇಶದ ಸಹಸ್ರಪದಿಗಳನ್ನು ಕುರಿತು ಆಟೆಮ್ಸ್ 1936ರಲ್ಲಿ ಬರೆದರು. ದಖ್ಖನಿನ ಶತಪದಿಗಳನ್ನು ಜಂಗಿ ಮತ್ತು ದಾಸ್ 1984ರಲ್ಲಿ ವಿವರಿಸಿದರು.

ಈ ಜೀವಿಗಳಿಗೆ ರೆಕ್ಕೆಯಿಲ್ಲ. ಮೈಯ ತೇವವನ್ನು ಹಿಡಿದಿಡುವ ಶಕ್ತಿಯೂ ಅಲ್ಪ. ಒಣಬಯಲು ಅವಕ್ಕೆ ಗೋಡೆಯಿದ್ದಂತೆ. ಆದಕಾರಣ ದೂರ ವಲಸೆ ಹೋಗದೆ ಪೂರ್ವಿಕರ ನೆಲೆಯ ಸುತ್ತಲೇ ಉಳಿಯುತ್ತವೆ. ಈ ಸ್ಥಿರತೆಯೇ ಅವನ್ನು ಸಾಕ್ಷಿಯಾಗಿಸಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ಬಹುಭಾಗವನ್ನು ಲಾವಾ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಾಹ್ನವಿ ಜೋಶಿ ಮತ್ತು ಪ್ರವೀಣ ಕಾರಂತರು ಡಿಜಿಟೈಪಿಸ್ ಎಂಬ ಶತಪದಿಗಳ ವಂಶವಾಹಿಗಳನ್ನು ಹೋಲಿಸಿ, ಆಗ ದಕ್ಷಿಣದ ಸಹ್ಯಾದ್ರಿಯು ಅವಕ್ಕೆ ಆಶ್ರಯವಾಗಿತ್ತೆಂಬ ನಿರ್ಣಯಕ್ಕೆ 2013ರಲ್ಲಿ ಬೆಂಬಲವಿತ್ತರು. ಬರಹವಿಲ್ಲದ ಕಾಲಕ್ಕೆ ಜೀವಿಯ ದೇಹವೇ ದಾಖಲೆಯಾಯಿತು.

ಆದರೆ ಡಿಜಿಟೈಪಿಸ್ ತೇವದ ಕಾಡಿನ ಜೀವಿ. ಅದರ ಸಾಕ್ಷ್ಯವನ್ನು ಒಣಸೀಮೆಗೆ ಹಾಗೆಯೇ ಅನ್ವಯಿಸಲಾಗದು. ನಮ್ಮ ನಾಲ್ಕು ತಾಲ್ಲೂಕುಗಳು ಲಾವಾ ಹಾಸಿನ ದಕ್ಷಿಣದ ಅಂಚಿಗೆ ಸಮೀಪದಲ್ಲಿವೆ. ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರಿನಿಂದ ಬೈಲಹೊಂಗಲದ ಎರೆಭೂಮಿಯನ್ನೂ ಸವದತ್ತಿಯ ಗುಡ್ಡಗಳನ್ನೂ ದಾಟಿ ರಾಮದುರ್ಗದತ್ತ ನಡೆದಂತೆ ಮಳೆ ಕಡಿಮೆಯಾಗುತ್ತದೆ. ಎಲ್ಲಿಯವರೆಗೆ ಯಾವ ಪ್ರಭೇದವಿದೆ, ಎಲ್ಲಿ ಅದು ನಿಲ್ಲುತ್ತದೆ ಎಂಬುದನ್ನು ಇಂತಹ ಸೀಮೆಯಲ್ಲಿಯೇ ಗುರುತಿಸಬೇಕು.

ಇದಕ್ಕೆ ಊರು, ದಿನಾಂಕ, ಮಣ್ಣಿನ ಬಗೆಗಳನ್ನು ಬರೆದಿಡುವುದು ಅವಶ್ಯ. ಸಿಕ್ಕ ಸ್ಥಳ ತಿಳಿಯದ ಶಾಸನವು ಅರ್ಧ ಮೂಕವಾಗುವಂತೆ ನೆಲೆ ತಿಳಿಯದ ಮಾದರಿಯೂ ಮೂಕವೇ. ಜರಿಯನ್ನು ಬರಿಗೈಯಿಂದ ಮುಟ್ಟಬಾರದು. ಅದರ ಕಡಿತ ಬಹಳ ನೋವುಂಟುಮಾಡುತ್ತದೆ. ಆದರೆ ಕಂಡೊಡನೆ ಹೊಸಕಿಹಾಕುವ ಮೊದಲು, ನಾವು ಅಳಿಸುತ್ತಿರುವುದು ನೆಲದ ಚರಿತ್ರೆಯ ಒಂದು ಸಾಲನ್ನೆಂದು ನೆನೆಯುವುದು ಉಚಿತ.