ಬಿರುಗಾಳಿಗೆ ಬಿದ್ದ ಮರಗಳು

ಬೇಸಗೆಯ ಕೊನೆಗೆ, ಕಾದ ನೆಲದ ಮೇಲೆ ಸಂಜೆಗೆ ಮೋಡವು ಕವಿದು, ಮಳೆಗಿಂತ ಮೊದಲೇ ಗಾಳಿಯು ನುಗ್ಗಿ ಬರುವುದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯ ಒಕ್ಕಲಿಗರಿಗೆ ಹೊಸದಲ್ಲ. ಮೋಡದೊಳಗಿನ ತಂಪಾದ ಭಾರದ ಹವೆಯು ಒಮ್ಮೆಲೆ ಕೆಳಗಿಳಿದು, ನೆಲಕ್ಕೆ ಬಡಿದು, ಸುತ್ತಲೂ ಹರಡುವುದೇ ಇದಕ್ಕೆ ಕಾರಣವು. ಗಾಳಿಯು ಬೇಗನೆ ಅಡಗುತ್ತದೆ. ಆದರೆ ಅಜ್ಜನು ನೆಟ್ಟ ಮಾವು, ಬದುವಿನ ಬೇವು, ಬಾವಿಯ ಬಳಿಯ ತೆಂಗು ಹೊಲದಲ್ಲಿ ಅಡ್ಡ ಬಿದ್ದಿರುತ್ತವೆ. ಮುಂದೆ ರೋಹಿಣಿ ಮಳೆ. ಬಿತ್ತಿಗೆಗೆ ಹೊಲವು ಹಸನಾಗಬೇಕು. ಅವಸರವು ಸಹಜವೇ. ಆದರೆ ಗಾಳಿಯು ಉಳಿಸಿದ ಜೀವಗಳನ್ನು ಅವಸರವು ಬಲಿಗೊಳ್ಳಬಾರದೆಂದು ನಾವು ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯದು ವಿದ್ಯುತ್ತಿನ ತಂತಿಯ ವಿಷಯ. ಮರದಡಿಯಲ್ಲಿ ತಂತಿಯು ಸಿಕ್ಕಿದ್ದರೆ ಮನುಷ್ಯರಾಗಲಿ ಎತ್ತುಗಳಾಗಲಿ ಅಲ್ಲಿ ಸುಳಿಯಕೂಡದು. ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಗೆ 1912 ಎಂಬ ದೂರವಾಣಿಯಲ್ಲಿ ತಿಳಿಸಿ, ಪ್ರವಾಹವು ನಿಂತಿತೆಂದು ಅವರ ಜನರು ಹೇಳುವವರೆಗೆ ಕಾಯತಕ್ಕದ್ದು.

ಎರಡನೆಯದು, ಕೊಡಲಿ ಎತ್ತುವ ಮೊದಲು ಹಾನಿಯ ಛಾಯಾಚಿತ್ರಗಳನ್ನು ತೆಗೆದಿಟ್ಟು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಬೇಕು. ಹೊಲವು ಹಸನಾದ ಬಳಿಕ ಪಂಚನಾಮೆಗೆ ಗುರುತೆಲ್ಲಿಯದು? ಸಾಗುವಾನಿ, ಶ್ರೀಗಂಧಗಳಂಥ ಮರವಾದರೆ ಸಾಗಿಸುವ ಮುಂಚೆ ಅರಣ್ಯ ಇಲಾಖೆಯ ಅನುಮತಿಯನ್ನೂ ಕೇಳುವುದು ಮೇಲು.

ಮೂರನೆಯದು ಕಡಿಯುವ ಬಗೆ. ಬಾಗಿ ಬಿದ್ದ ಮರವು ಹೆದೆಯೇರಿಸಿದ ಬಿಲ್ಲಿನಂತೆ. ಹಗುರಾಗಿ ಮುಟ್ಟಿದರೂ ಸಿಡಿದೀತು. ಒತ್ತಿಕೊಂಡಿರುವ ಮಗ್ಗುಲಲ್ಲಿ ಮೊದಲು ಸ್ವಲ್ಪ ಕೊಯ್ದು, ಬಳಿಕ ಬಿಗಿದಿರುವ ಮಗ್ಗುಲಿನಿಂದ ಮುಗಿಸಬೇಕು. ಬೇರುಸಹಿತ ಕಿತ್ತ ಮರದ ಕಾಂಡವನ್ನು ಕೊಯ್ದೊಡನೆ ಬುಡವು ತಾನಾಗಿಯೇ ಎದ್ದು ಕುಣಿಯೊಳಕ್ಕೆ ಮರಳುವುದುಂಟು. ಆ ಕುಣಿಯಲ್ಲಿ ಮಕ್ಕಳು ಆಡದಂತೆ ಮನೆಯವರು ನೋಡಿಕೊಳ್ಳಲಿ. ಎರೆಯ ಹೊಲವು ಹಸಿಯಿರುವಾಗ ಟ್ರ್ಯಾಕ್ಟರನ್ನು ಇಳಿಸಿದರೆ ನೆಲವು ಗಟ್ಟಿಯಾಗಿ ಬೆಳೆಗೆ ಕೇಡು. ಎರಡು ದಿನ ಒಣಗಗೊಡುವುದು ಲೇಸು.

ನಾಲ್ಕನೆಯದು, ಯಾವುದನ್ನೂ ವ್ಯರ್ಥಮಾಡದಿರುವುದು. ಉದುರಿದ ಮಾವಿನ ಕಾಯಿಗಳು ಉಪ್ಪಿನಕಾಯಿಗೆ ಆದಾವು. ಬೇವಿನ ಸೊಪ್ಪು ಗೊಬ್ಬರಕ್ಕೆ, ಜಾಲಿಯ ದಿಮ್ಮಿ ಕುಂಟೆ-ನೊಗಗಳಿಗೆ, ಟೊಂಗೆಗಳು ಒಲೆಗೆ. ಹೊಲದಲ್ಲಿಯೇ ರಾಶಿ ಹಾಕಿ ಸುಟ್ಟರೆ ಇವೆಲ್ಲವೂ ಬೂದಿಯಾಗುವವು.

ಬಿದ್ದುದೆಲ್ಲ ಸತ್ತಿತೆಂದು ತಿಳಿಯಬಾರದು. ಎಳೆಯ ಗಿಡದ ಬೇರುಗಳು ಒಣಗುವ ಮೊದಲೇ ಮೆಲ್ಲನೆ ಎತ್ತಿ, ಮಣ್ಣೊತ್ತಿ, ಗೂಟಕ್ಕೆ ಕಟ್ಟಿದರೆ ಎಷ್ಟೋ ಬದುಕುತ್ತವೆ. ಇದೇ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಕಲ್ಮಠದ ಮೂರು ಮಹಾವೃಕ್ಷಗಳಲ್ಲೊಂದು 2023ರ ಜುಲೈಯಲ್ಲಿ ಉರುಳಿದಾಗ, ಜನರು ಅದನ್ನು ಕಟ್ಟಿಗೆಗೆ ಕೊಡದೆ ಪುನಃ ನೆಟ್ಟರು. ಅಂಥ ಭಾಗ್ಯವು ಎಲ್ಲ ಮರಗಳಿಗೂ ದೊರೆಯಲಾರದು. ಆದರೆ ಬರಿದಾದ ಬದುವಿನಲ್ಲಿ ಈ ಮಳೆಗಾಲದಲ್ಲಿಯೇ ಒಂದು ಸಸಿಯನ್ನು ನೆಡುವುದು ಯಾರಿಗೂ ಭಾರವಲ್ಲ. ನಮ್ಮ ಅಜ್ಜಂದಿರು ನೆಳಲನ್ನು ತಮಗಾಗಿ ನೆಡಲಿಲ್ಲ.