ಮೆಂತ್ಯದ ನೀರೂ ಮೈಯ ಬಿಸಿಯೂ

ಕಳೆದ ಪುಷ್ಯಮಾಸದ ಒಂದು ರಾತ್ರಿ ಹಾಸನದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ತಂಗಿದ್ದೆ. ಹೊರಗೆ ಮಂಜು ಕವಿದಿತ್ತು. ಭಾವನವರು ಕಿವಿಯವರೆಗೂ ಕಂಬಳಿ ಹೊದೆದು ಮಲಗಿದ್ದರು. ನಡುರಾತ್ರಿಯಲ್ಲಿ ಫ್ಯಾನಿನ ಸದ್ದು ಕೇಳಿ ಎದ್ದು ಬಂದು ನೋಡಿದರೆ, ಅಕ್ಕ ನಡುಮನೆಯಲ್ಲಿ ಅದರ ಕೆಳಗೆ ಕುಳಿತು ಸೆರಗಿನಿಂದ ಕುತ್ತಿಗೆಯ ಬೆವರನ್ನು ಒರಸಿಕೊಳ್ಳುತ್ತಿದ್ದಳು. ಮುಖ ಕೆಂಪೇರಿತ್ತು. ಜ್ವರವಿರಬಹುದೆಂದು ಉಷ್ಣಮಾಪಕವನ್ನಿಟ್ಟು ನೋಡಿದೆವು. ಅದು ತೋರಿಸಿದುದು 98.4 ಡಿಗ್ರಿ ಫ್ಯಾರನ್‌ಹೀಟ್ ಮಾತ್ರ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವಳೇ ಎದ್ದು ಫ್ಯಾನನ್ನು ನಿಲ್ಲಿಸಿ, ಚಳಿಯೆಂದು ಶಾಲು ಹೊದೆದಳು.

ಅಕ್ಕನಿಗೆ ಈಗ 48 ವರ್ಷ. ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿ. ಪಾಠದ ನಡುವೆ ಹೀಗಾದಾಗ ಹುಡುಗರಿಗೆ ಮುಖ ಕಾಣದಂತೆ ಬೋರ್ಡಿನ ಕಡೆಗೆ ತಿರುಗಿ, ಏನನ್ನೋ ಬರೆಯುತ್ತ ನಿಲ್ಲುವಳಂತೆ. ನೆರೆಮನೆಯವರೊಬ್ಬರು ಅವಳಿಗೆ ಒಂದು ಮನೆಮದ್ದು ಹೇಳಿದ್ದರು: ರಾತ್ರಿ ಒಂದು ಚಮಚ ಮೆಂತ್ಯವನ್ನು ನೆನೆಹಾಕಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರನ್ನೂ ಕಾಳನ್ನೂ ಸೇವಿಸಬೇಕು, ತಿಂಗಳೊಳಗೆ ಗುಣ. “ನೀನು ಫಿಸಿಕ್ಸ್ ಹೇಳಿಕೊಡುವವನು. ಇದು ನಿಜವೋ ಸುಳ್ಳೋ ನೋಡಿ ಹೇಳು” ಎಂದಳು ಅಕ್ಕ.

ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರವೇ ಈ ಲೇಖನ. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರ ತಾಯಂದಿರು ಹೆಚ್ಚುಕಡಿಮೆ ಅಕ್ಕನ ವಯಸ್ಸಿನವರೇ ಆಗಿರುತ್ತಾರೆ. ಆದುದರಿಂದ ಈ ವಿಷಯ ನಿಮಗೆ ಹೊರತಾದುದೆಂದು ಭಾವಿಸಬೇಡಿ.

ಬಿಸಿಯೇರುವುದೇಕೆ?

ನಡುವಯಸ್ಸಿನಲ್ಲಿ ಸ್ತ್ರೀಯರ ಅಂಡಾಶಯಗಳು ತಮ್ಮ ಕೆಲಸವನ್ನು ಕ್ರಮಕ್ರಮವಾಗಿ ನಿಲ್ಲಿಸುತ್ತವೆ. ಅವು ಸ್ರವಿಸುತ್ತಿದ್ದ ಈಸ್ಟ್ರೊಜನ್ ಎಂಬ ಹಾರ್ಮೋನು ರಕ್ತದಲ್ಲಿ ಕಡಿಮೆಯಾಗುತ್ತದೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಕಾಣದಿದ್ದರೆ ಋತುಬಂಧವಾಯಿತೆಂದು ವೈದ್ಯರು ಎಣಿಸುತ್ತಾರೆ. ನಮ್ಮ ದೇಶದಲ್ಲಿ ಇದು ಸರಾಸರಿ 46–47ನೆಯ ವಯಸ್ಸಿನಲ್ಲಿ ಸಂಭವಿಸುತ್ತದೆ. ಇದು ರೋಗವಲ್ಲ, ಆದರೆ ಇದರ ಹಿಂದೆಮುಂದೆ ಕೆಲವು ವರ್ಷ ಅನೇಕರಿಗೆ ಮೈ ಬಿಸಿಯೇರುವುದು, ಬೆವರುವುದು, ನಿದ್ರೆ ಕೆಡುವುದು ಉಂಟು.

ಇಲ್ಲಿ ಭೌತವಿಜ್ಞಾನದ ಒಂದು ಸಂಗತಿ ನೆರವಿಗೆ ಬರುತ್ತದೆ. ಮನೆಯ ರೆಫ್ರಿಜರೇಟರನ್ನು ಗಮನಿಸಿ. ಒಳಗಿನ ಉಷ್ಣತೆ 5 ಡಿಗ್ರಿ ಇರಬೇಕೆಂದಿಟ್ಟುಕೊಳ್ಳೋಣ. ಉಷ್ಣತೆ 5ಕ್ಕಿಂತ ಕೂದಲೆಳೆಯಷ್ಟು ಏರಿದೊಡನೆ ಯಂತ್ರ ಓಡಬೇಕು, ಅಷ್ಟೇ ಇಳಿದೊಡನೆ ನಿಲ್ಲಬೇಕು ಎಂದು ನಿಯಮಿಸಿದರೆ ಅದಕ್ಕೆ ಕ್ಷಣಕಾಲವೂ ಬಿಡುವಿರುವುದಿಲ್ಲ. ಆದಕಾರಣ 6 ಡಿಗ್ರಿಗೆ ಓಡು, 4 ಡಿಗ್ರಿಗೆ ನಿಲ್ಲು ಎಂಬಂತೆ ನಡುವೆ ಒಂದು ಅಂತರವನ್ನು ಬಿಟ್ಟಿರುತ್ತಾರೆ. ನಮ್ಮ ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಭಾಗವೂ ಇಂತಹುದೇ ಒಂದು ನಿಯಂತ್ರಕ. ದೇಹದ ಉಷ್ಣತೆ ಒಂದು ಮೇಲ್ಗಡಿಯನ್ನು ದಾಟಿದರೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರಿಸುತ್ತದೆ. ಕೆಳಗಡಿಗಿಂತ ಇಳಿದರೆ ನಡುಗಿಸುತ್ತದೆ. ಎರಡು ಗಡಿಗಳ ನಡುವೆ ಸುಮ್ಮನಿರುತ್ತದೆ.

ಅಮೆರಿಕದ ವಿಜ್ಞಾನಿ ರಾಬರ್ಟ್ ಫ್ರೀಡ್‌ಮನ್ ಮತ್ತು ಅವರ ಸಹೋದ್ಯೋಗಿ 1999ರಲ್ಲಿ ಈ ಅಂತರವನ್ನು ಅಳೆದು ಪ್ರಕಟಿಸಿದರು. ಮೈಬಿಸಿಯ ತೊಂದರೆಯಿಲ್ಲದ ಸ್ತ್ರೀಯರಲ್ಲಿ ಅದು ಸುಮಾರು 0.4 ಡಿಗ್ರಿ ಸೆಂಟಿಗ್ರೇಡ್ ಇತ್ತು. ತೊಂದರೆಯಿದ್ದವರಲ್ಲಿ ಹೆಚ್ಚುಕಡಿಮೆ ಸೊನ್ನೆ! ಅಂದರೆ, ಬಿಸಿ ಕಾಫಿಯೋ ಕಂಬಳಿಯ ಸೆಕೆಯೋ ಉಷ್ಣತೆಯನ್ನು ಕಿಂಚಿತ್ತು ಏರಿಸಿದರೂ ಸಾಕು, ನಿಯಂತ್ರಕವು ಬೇಸಗೆ ಬಂದಿತೆಂದು ಬಗೆದು ಕೆಲಸಕ್ಕೆ ತೊಡಗುತ್ತದೆ.

ಬಳಿಕ ಚಳಿಯಾಗುವುದೇಕೆ? ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖವು ಮುಖ್ಯವಾಗಿ ದೇಹದಿಂದಲೇ ಹೋಗಬೇಕು. 60 ಕಿಲೋಗ್ರಾಂ ತೂಕದ ದೇಹವನ್ನು ಒಂದು ಡಿಗ್ರಿ ತಂಪಾಗಿಸಲು ಸುಮಾರು 50,000 ಕ್ಯಾಲೊರಿ ಹೊರಹೋಗಬೇಕಾದುದರಿಂದ, 10 ಗ್ರಾಂ ಬೆವರು ಆವಿಯಾದರೆ ಉಷ್ಣತೆ 0.1 ಡಿಗ್ರಿಗಿಂತ ತುಸು ಹೆಚ್ಚು ಇಳಿಯಬಹುದು. ನಿಮಗೆ ಅದು ಲೆಕ್ಕಕ್ಕಿಲ್ಲ. ಅಂತರವೇ ಸೊನ್ನೆಯಾದವರಿಗೆ ಅಷ್ಟರಿಂದಲೇ ನಡುಕ ಬರುತ್ತದೆ. ಅಕ್ಕನ ಫ್ಯಾನೂ ನಿಜ, ಶಾಲೂ ನಿಜ. ಅದು ಮನಸ್ಸಿನ ಭ್ರಮೆಯಲ್ಲ.

ಮೆಂತ್ಯದಲ್ಲಿರುವುದೇನು?

ಮೆಂತ್ಯದ ಕಾಳಿನಲ್ಲಿ ಡಯಾಸ್ಜೆನಿನ್ ಎಂಬ ವಸ್ತುವನ್ನೊಳಗೊಂಡ ಸಂಯುಕ್ತಗಳಿವೆ. ಈ ಡಯಾಸ್ಜೆನಿನ್ನಿಗೆ ಒಂದು ದೊಡ್ಡ ಚರಿತ್ರೆಯುಂಟು. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನವಿಜ್ಞಾನಿ ಮೆಕ್ಸಿಕೋ ದೇಶದ ಕಾಡುಗೆಣಸಿನಿಂದ ಇದೇ ವಸ್ತುವನ್ನು ತೆಗೆದು, ಪ್ರೊಜೆಸ್ಟೆರೋನ್ ಎಂಬ ಸ್ತ್ರೀ ಹಾರ್ಮೋನನ್ನು ತಯಾರಿಸಿದನು. ಹಿಂದೆ ಬಹಳ ದುಬಾರಿಯಾಗಿದ್ದ ಹಾರ್ಮೋನು ಇದರಿಂದ ಅಗ್ಗವಾಯಿತು.

“ಹಾಗಾದರೆ ಮೆಂತ್ಯ ತಿಂದರೆ ಹಾರ್ಮೋನು ತಿಂದಂತೆಯೇ” ಎಂದು ಹೇಳುವವರಿದ್ದಾರೆ. ಇದು ತಪ್ಪು. ಮಾರ್ಕರನು ಆ ಮಾರ್ಪಾಟನ್ನು ಸಾಧಿಸಿದುದು ಪ್ರಯೋಗಶಾಲೆಯ ಪಾತ್ರೆಗಳಲ್ಲಿ, ಹಲವು ರಾಸಾಯನಿಕ ಕ್ರಿಯೆಗಳ ಮೂಲಕ. ಅದನ್ನು ನಡೆಸಬಲ್ಲ ಕಿಣ್ವಗಳು ನಮ್ಮ ದೇಹದಲ್ಲಿಲ್ಲ. ಮರದಿಂದ ಕಾಗದ ಮಾಡಬಹುದೆಂದ ಮಾತ್ರಕ್ಕೆ ಹಿತ್ತಿಲ ಮರದಲ್ಲಿ ನೋಟುಪುಸ್ತಕ ಬೆಳೆಯುವುದಿಲ್ಲವಷ್ಟೆ! ಮೆಂತ್ಯದಲ್ಲಿ ಗುಣವಿದ್ದರೆ ಅದು ಬೇರಾವುದೋ ಮಾರ್ಗದಿಂದ ಬರಬೇಕು. ಈಸ್ಟ್ರೊಜನ್ನನ್ನು ದುರ್ಬಲವಾಗಿ ಹೋಲುವ ಸಸ್ಯವಸ್ತುಗಳು ಅದರಲ್ಲಿರಬಹುದೆಂಬ ಊಹೆಯಿದೆ.

ಪರೀಕ್ಷಿಸುವ ಬಗೆ

ಊಹೆ ಹೇಗೇ ಇರಲಿ, ಮೆಂತ್ಯ ಸೇವಿಸಿದವರಿಗೆ ಬಿಸಿ ಕಡಿಮೆಯಾದರೆ ಸಾಲದೆ? ಸಾಲದು. ತೊಂದರೆ ಅತಿಯಾದಾಗಲೇ ಯಾರಾದರೂ ಮದ್ದನ್ನು ಹುಡುಕುತ್ತಾರೆ. ಅತಿಯಾದುದು ತಾನಾಗಿಯೇ ಸ್ವಲ್ಪ ಇಳಿಯುವುದು ಸಹಜ. ಇದಲ್ಲದೆ, ಮದ್ದು ತೆಗೆದುಕೊಂಡೆನೆಂಬ ನಂಬಿಕೆಯೇ ಒಂದಷ್ಟು ನೆಮ್ಮದಿ ಕೊಡುತ್ತದೆ. ಆದುದರಿಂದ ಪರೀಕ್ಷೆಗೆ ಬಂದವರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮದ್ದನ್ನೂ ಮತ್ತೊಂದಕ್ಕೆ ನೋಡಲು ಹಾಗೆಯೇ ಇರುವ, ಸಾರವಿಲ್ಲದ ಹುಸಿಮದ್ದನ್ನೂ ಕೊಡುತ್ತಾರೆ. ಯಾರಿಗೆ ಯಾವುದು ದೊರೆಯಿತೆಂಬುದು ಕೊನೆಯವರೆಗೂ ಗುಟ್ಟು.

ಹುಸಿಮದ್ದಿನ ಪ್ರಭಾವ ಎಷ್ಟಿರಬಹುದು? ಹಾರ್ಮೋನು ಚಿಕಿತ್ಸೆಯ ಹಲವು ಪರೀಕ್ಷೆಗಳನ್ನು ಕಲೆಹಾಕಿ 2004ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ಬರಿಯ ಹುಸಿಮದ್ದು ಸೇವಿಸಿದವರಲ್ಲಿಯೂ ಮೈಬಿಸಿಯ ಸಂಖ್ಯೆ ಶೇಕಡ 58ರಷ್ಟು ಇಳಿದಿತ್ತು! ನೆರೆಮನೆಯವರು ಸುಳ್ಳು ಹೇಳಿದವರಲ್ಲ. ಅವರಿಗೆ ಗುಣವಾದುದು ದಿಟವೇ ಇರಬಹುದು. ಆದರೆ ಗುಣ ಮಾಡಿದುದು ಮೆಂತ್ಯವೇ ಎಂಬುದು ಅಷ್ಟರಿಂದ ಸಿದ್ಧವಾಗುವುದಿಲ್ಲ.

ಮೆಂತ್ಯವನ್ನೂ ಹೀಗೆ ಪರೀಕ್ಷಿಸಿದ್ದಾರೆ. 2017ರಲ್ಲಿ ಆಸ್ಟ್ರೇಲಿಯಾದಿಂದ ಪ್ರಕಟವಾದ ಪರೀಕ್ಷೆಯಲ್ಲಿ 115 ಸ್ತ್ರೀಯರು ಭಾಗವಹಿಸಿದ್ದರು. ದಿನಕ್ಕೆ 600 ಮಿಲಿಗ್ರಾಂ ಮೆಂತ್ಯದ ಸಾರವನ್ನು 12 ವಾರ ಸೇವಿಸಿದವರಲ್ಲಿ, ಹುಸಿಮದ್ದಿನವರಿಗಿಂತಲೂ ಹೆಚ್ಚಾಗಿ ಮೈಬಿಸಿಯೂ ರಾತ್ರಿಯ ಬೆವರೂ ತಗ್ಗಿದುವು. ಇದು ಆಶಾದಾಯಕ. ಆದರೂ ಮೂರು ಮಾತು ನೆನಪಿರಲಿ: ಪರೀಕ್ಷೆಗೊಳಗಾದವರು ಕೆಲವೇ ಮಂದಿ, ಅವಧಿ ಚಿಕ್ಕದು, ಪರೀಕ್ಷಿಸಿದುದು ಕಾರ್ಖಾನೆಯಲ್ಲಿ ತಯಾರಾದ ಸಾರವನ್ನು, ಲೋಟದಲ್ಲಿ ನೆನೆದ ಕಾಳನ್ನಲ್ಲ.

ಎಚ್ಚರಿಕೆಯ ಮಾತು

ಸಾರಿಗೂ ದೋಸೆಹಿಟ್ಟಿಗೂ ಹಾಕುವ ಮೆಂತ್ಯದಿಂದ ಸಾಮಾನ್ಯವಾಗಿ ಭಯವಿಲ್ಲ. ಹೆಚ್ಚಾಗಿ ಸೇವಿಸಿದರೆ ಅದೂ ಮದ್ದಿನಂತೆಯೇ ವರ್ತಿಸುತ್ತದೆ. ನೆನೆದ ಕಾಳು ಲೋಳೆಯಾಗುವುದನ್ನು ಕಂಡಿದ್ದೀರಿ. ಆ ಲೋಳೆಯ ನಾರು ಕರುಳಿನಲ್ಲಿ ಸಕ್ಕರೆಯ ಹೀರಿಕೆಯನ್ನು ನಿಧಾನಗೊಳಿಸುತ್ತದೆ. ಮೆಂತ್ಯವು ರಕ್ತದ ಸಕ್ಕರೆಯನ್ನು ತಗ್ಗಿಸುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿಯೇ ತೋರಿಸಿದ್ದರು. ಆದಕಾರಣ ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರ ಇಳಿದುಬಿಡಬಹುದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ, ಕಡಲೆಕಾಯಿಯಂತಹ ಕಾಳುಗಳು ಒಗ್ಗದವರೂ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರಂತೂ ಯಾವ ಮನೆಮದ್ದಿಗೂ ಕಾಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ತೊಂದರೆ ಸಹಿಸಲಾರದಷ್ಟಿದ್ದರೆ ಹಾರ್ಮೋನು ಚಿಕಿತ್ಸೆಯುಂಟು. ಇಂದಿಗೂ ಅದೇ ಹೆಚ್ಚು ಫಲಕಾರಿ. ಅದು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂಬುದನ್ನು ವೈದ್ಯರು ನಿರ್ಧರಿಸಬೇಕು.

ಇಷ್ಟನ್ನೂ ಅಕ್ಕನಿಗೆ ಹೇಳಿ, ಎರಡು ವಾರ ಮೆಂತ್ಯವಿಲ್ಲದೆ, ಅನಂತರ ನಾಲ್ಕು ವಾರ ಮೆಂತ್ಯದೊಡನೆ, ದಿನಕ್ಕೆ ಎಷ್ಟು ಸಲ ಬಿಸಿಯೇರುವುದೆಂದು ಬರೆದಿಡಲು ಒಂದು ಪುಸ್ತಕ ಕೊಟ್ಟು ಬಂದೆ. ಆರು ವಾರದ ಮೇಲೆ ನೋಡಿದರೆ ದಿನಕ್ಕೆ ಒಂಬತ್ತು ಇದ್ದುದು ಆರಕ್ಕೆ ಇಳಿದಿತ್ತು. ನನಗೆ ಸಂತೋಷವಾಯಿತು. ಅಕ್ಕ ಮಾತ್ರ ನಕ್ಕಳು: “ಬರಿಹೊಟ್ಟೆಯಲ್ಲಿ ಮೆಂತ್ಯ ಕುಡಿದ ಮೇಲೆ ಕಾಫಿ ಸೇರುತ್ತಿರಲಿಲ್ಲ. ಬೆಳಗಿನ ಕಾಫಿ ಬಿಟ್ಟೆ. ಈಗ ಹೇಳು, ಇಳಿಸಿದ್ದು ಮೆಂತ್ಯವೋ, ಬಿಟ್ಟ ಕಾಫಿಯೋ?”

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂದು ಪ್ರತಿವರ್ಷವೂ ಪ್ರಯೋಗಶಾಲೆಯಲ್ಲಿ ಹೇಳಿಕೊಡುವ ನಾನು ಉತ್ತರವಿಲ್ಲದೆ ಕುಳಿತೆ. ಈಗ ಅಕ್ಕ ಮೆಂತ್ಯವನ್ನು ನಿಲ್ಲಿಸಿದ್ದಾಳೆ, ಕಾಫಿಯನ್ನು ಇನ್ನೂ ಹಿಡಿದಿಲ್ಲ. ಪುಸ್ತಕದಲ್ಲಿ ಲೆಕ್ಕ ಮುಂದುವರಿದಿದೆ. ಅಂದಹಾಗೆ, ತರಗತಿಯಲ್ಲಿ ಅವಳೀಗ ಬೋರ್ಡಿನ ಕಡೆಗೆ ತಿರುಗಿ ನಿಲ್ಲುವುದಿಲ್ಲ. ಮೈ ಬಿಸಿಯೇರಿದಾಗ, “ಕಿಟಕಿ ತೆರೆಯಿರಿ, ನನಗೆ ಸೆಕೆಯಾಗುತ್ತಿದೆ” ಎನ್ನುತ್ತಾಳೆ, ಹುಡುಗರು ತೆರೆಯುತ್ತಾರೆ. ನಿಮ್ಮ ಮನೆಯಲ್ಲಿಯೂ ಚಳಿಗಾಲದ ನಡುರಾತ್ರಿಯಲ್ಲಿ ಫ್ಯಾನಿನ ಸದ್ದು ಕೇಳಿಬಂದರೆ, ಏಕೆಂದು ಗದರದೆ, ಎದ್ದು ಹೋಗಿ ಒಂದು ಲೋಟ ತಣ್ಣೀರು ಕೊಡಿ.